ಹುಲ್ಲು ಕತ್ತರಿಸುವ ಯಂತ್ರ: ಟ್ಯಾಪೆಟ್ ಸೆಟ್ ಮಾಡಿಸಿದ ಮೇಲೆ ಶುರುವಾದ ಬ್ಯಾಕ್‌ಫೈರ್

ತೋಟದಮನೆ (ಮೂಡಿಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯ ಮುಂದಿರುವ ಸುಮಾರು ಅರ್ಧ ಎಕರೆ ಹುಲ್ಲುಹಾಸನ್ನು ಕತ್ತರಿಸುವುದಕ್ಕೆ ತಳ್ಳಿಕೊಂಡು ಹೋಗುವ ರೀಲ್ ಮಾದರಿಯ ಯಂತ್ರವೊಂದನ್ನು ಇಟ್ಟುಕೊಂಡಿದ್ದೇವೆ. ಅದರ ಮೇಲೆ ಕೂತಿರುವುದು ಹೋಂಡಾ ಜಿಎಕ್ಸ್160 ಎಂಜಿನ್. ಕೆರೆಯಿಂದ ನೀರೆತ್ತುವ ಪಂಪಿನಲ್ಲಿ, ಔಷಧಿ ಹೊಡೆಯುವ ಪಂಪಿನಲ್ಲಿ ನಾವೆಲ್ಲರೂ ನೋಡಿರುವ ಅದೇ 163 ಸಿಸಿಯ ಎಂಜಿನ್. ಬ್ಲೇಡಿಗೆ ಶಕ್ತಿ ಹೋಗುವುದು ಬೆಲ್ಟಿನ ಮೂಲಕ. ಯಂತ್ರಕ್ಕೆ ಈಗ ನಾಲ್ಕನೇ ವರ್ಷ. ಇದುವರೆಗೆ ಆಯಿಲ್ ಬದಲಿಸಿದ್ದು, ಏರ್ ಫಿಲ್ಟರ್ ತೊಳೆದದ್ದು ಬಿಟ್ಟರೆ ಬೇರೇನನ್ನೂ ಮುಟ್ಟಿರಲಿಲ್ಲ.

ಮಳೆಗಾಲ ಮುಗಿದು ಯಂತ್ರವನ್ನು ಹೊರಗೆ ತೆಗೆದಾಗ ಸ್ಟಾರ್ಟರ್ ಹಗ್ಗ ಎಳೆಯುವುದು ಬಹಳ ಭಾರವೆನಿಸಿತು. ಎಳೆದ ಹಗ್ಗ ನಡುವೆಯೇ ಗಕ್ಕನೆ ನಿಂತು ಎರಡು ಬಾರಿ ಬೆರಳು ಉಳುಕಿತು. ಆದ್ದರಿಂದ ಪೇಟೆಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಒಯ್ದೆ. ಅವರು ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ಎಂಬ ತೋಳಿನ ನಡುವಿನ ಗ್ಯಾಪ್) ಸಡಿಲವಾಗಿದೆ ಎಂದು ಹೇಳಿ, ತಲೆಯ ಕವರ್ ಬಿಚ್ಚಿ, ಯಾವ ಗೇಜನ್ನೂ ಇಡದೆ ಕೈಯಂದಾಜಿನಲ್ಲಿಯೇ ಬಿಗಿಮಾಡಿ ಕೊಟ್ಟರು. ಹಗ್ಗವೇನೋ ಹೂವಿನಂತೆ ಹಗುರಾಯಿತು. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಹತ್ತು ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೆ, ದಪ್ಪ ಹುಲ್ಲು ಸಿಕ್ಕಿ ಲೋಡ್ ಬಿದ್ದ ಕೂಡಲೇ ಕಾರ್ಬುರೇಟರ್ ಕಡೆಯಿಂದ ಕೆಮ್ಮಿದಂತೆ ಸದ್ದು ಬರುತ್ತದೆ ಮತ್ತು ಎಂಜಿನ್ನಿನ ಶಕ್ತಿ ಇಳಿದುಹೋಗುತ್ತದೆ. ಥ್ರಾಟಲ್ ಇಳಿಸಿದರೆ ಸೈಲೆನ್ಸರಿನಲ್ಲಿ ಪಟಪಟ ಸದ್ದು. ಪೂರ್ತಿ ಆಫ್ ಮಾಡಿದಾಗ ಕೆಲವೊಮ್ಮೆ ಆಟಂಬಾಂಬ್ ಪಟಾಕಿ ಹೊಡೆದ ಹಾಗೆ ಒಂದೇ ಸಿಡಿತ. ಮನೆಯ ನಾಯಿ ಈಗ ಯಂತ್ರವನ್ನು ಕಂಡರೆ ಕಾಫಿ ಗಿಡಗಳ ನಡುವೆ ಓಡಿಹೋಗುತ್ತದೆ.

ಪ್ಲಗ್ ಹೊಸದು ಹಾಕಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ಕಳೆದ ಬೇಸಿಗೆಯಲ್ಲಿ ಒಮ್ಮೆ ಬ್ಲೇಡಿಗೆ ಕಲ್ಲು ಸಿಕ್ಕಿ ಯಂತ್ರ ನಿಂತುಬಿಟ್ಟಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಟ್ಯಾಪೆಟನ್ನು ನಾನೇ ಸೆಟ್ ಮಾಡಬಹುದೇ? ಅಥವಾ ತೊಂದರೆ ಬೇರೆಲ್ಲಾದರೂ ಇದೆಯೇ?

ನಿವೃತ್ತ ಐಟಿಐ ಮೇಷ್ಟ್ರು (ಹಾಸನ) ಬರೆದದ್ದು:

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಹಗ್ಗ ಮೊದಲು ಭಾರವಾಗಿತ್ತು, ಬಿಗಿಮಾಡಿದ ಮೇಲೆ ಹೂವಿನಂತಾಯಿತು ಎಂದಿರಲ್ಲ, ಅದೇ ಸುಳಿವು. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಮೇಲೆ ಒಂದು ಚಿಕ್ಕ ಡಿಕಂಪ್ರೆಸರ್ ಇರುತ್ತದೆ. ಹಗ್ಗ ಎಳೆಯುವ ನಿಧಾನದ ವೇಗದಲ್ಲಿ ಅದು ಎಕ್ಸಾಸ್ಟ್ ವಾಲ್ವನ್ನು (ಹೊಗೆ ಹೊರಹೋಗುವ ವಾಲ್ವ್) ಕೂದಲೆಳೆಯಷ್ಟು ಮೇಲೆತ್ತಿ ಸಿಲಿಂಡರಿನ ಒತ್ತಡವನ್ನು ಸ್ವಲ್ಪ ಹೊರಬಿಡುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಅದು ತಾನಾಗಿಯೇ ಹಿಂದೆ ಸರಿಯುತ್ತದೆ. ಎಕ್ಸಾಸ್ಟ್ ಟ್ಯಾಪೆಟಿನ ಗ್ಯಾಪ್ ಹೆಚ್ಚಾದರೆ ಡಿಕಂಪ್ರೆಸರಿನ ಆ ಚಿಕ್ಕ ಎತ್ತುವಿಕೆಯೆಲ್ಲ ಗ್ಯಾಪಿನಲ್ಲಿಯೇ ಮುಗಿದುಹೋಗಿ ವಾಲ್ವ್ ತೆರೆಯುವುದೇ ಇಲ್ಲ, ಆಗ ಹಗ್ಗ ಕೈಯನ್ನು ಜಗ್ಗುತ್ತದೆ. ಆದ್ದರಿಂದ ಆ ಮೆಕ್ಯಾನಿಕ್ ರೋಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ, ಔಷಧಿ ಮಾತ್ರ ಜಾಸ್ತಿ ಕೊಟ್ಟಿದ್ದಾರೆ. ಹಗ್ಗ ಅಷ್ಟೊಂದು ಹಗುರಾಗಿದೆಯೆಂದರೆ ಎಕ್ಸಾಸ್ಟಿನ ಗ್ಯಾಪ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ನಾನು ಊಹಿಸುತ್ತೇನೆ. ಬೈಕುಗಳ ಟ್ಯಾಪೆಟ್ ಸೆಟ್ ಮಾಡಿ ಪಳಗಿದ ಕೈಗಳು ಇಂಥ ಎಂಜಿನ್ನಿಗೂ ಅದೇ ಬಿಗಿಯನ್ನು ಕೊಟ್ಟುಬಿಡುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಎಲ್ಲ ಸಿಡಿತವನ್ನೂ ಬ್ಯಾಕ್‌ಫೈರ್ ಎಂದೇ ಕರೆಯುವುದು ರೂಢಿಯಾಗಿದೆ. ಆದರೆ ಕಾರ್ಬುರೇಟರ್ ಕಡೆ ಕೆಮ್ಮುವುದು ಬೇರೆ, ಸೈಲೆನ್ಸರಿನಲ್ಲಿ ಸಿಡಿಯುವುದು ಬೇರೆ. ಮೊದಲನೆಯದರಲ್ಲಿ ಸಿಲಿಂಡರಿನೊಳಗಿನ ಬೆಂಕಿ ಮಿಶ್ರಣ ಒಳಬರುವ ಇನ್‌ಟೇಕ್ ವಾಲ್ವಿನ ಮೂಲಕ ಹಿಂದಕ್ಕೆ ಬರುತ್ತದೆ. ಆ ವಾಲ್ವ್ ಪೂರ್ತಿ ಮುಚ್ಚದಿದ್ದರೆ, ಪೆಟ್ರೋಲಿನ ಮಿಶ್ರಣ ತೆಳುವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ನಿಧಾನವಾಗಿ ಉರಿಯುತ್ತಿದ್ದರೆ, ಅಥವಾ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದರೆ ಹೀಗಾಗುತ್ತದೆ. ಎರಡನೆಯದರಲ್ಲಿ ಉರಿಯದೆ ಉಳಿದ ಮಿಶ್ರಣ ಸೈಲೆನ್ಸರಿಗೆ ಹೋಗಿ ಅಲ್ಲಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ನಿಮ್ಮಲ್ಲಿ ಎರಡೂ ಇರುವುದರಿಂದ, ಎರಡಕ್ಕೂ ಒಂದೇ ಕಾರಣ ಎಂದು ತೀರ್ಮಾನಿಸಿಕೊಂಡು ಕೆಲಸಕ್ಕೆ ಇಳಿಯಬೇಡಿ.

ಟ್ಯಾಪೆಟನ್ನು ನೀವೇ ಸೆಟ್ ಮಾಡಬಹುದು. ಬೇಕಾಗುವುದು ಒಂದು ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳ ಕಟ್ಟು), ಎರಡು ಮೂರು ಸ್ಪ್ಯಾನರ್, ಮತ್ತು ರಾತ್ರಿಯಿಡೀ ಆರಿ ತಣ್ಣಗಾದ ಎಂಜಿನ್. ಬಿಸಿ ಎಂಜಿನ್ನಿನಲ್ಲಿ ಅಳೆದರೆ ಆ ಅಳತೆಗೆ ಅರ್ಥವಿಲ್ಲ. ಇನ್‌ಟೇಕಿಗೆ 0.15 ಮಿಲಿಮೀಟರ್, ಎಕ್ಸಾಸ್ಟಿಗೆ 0.20 ಮಿಲಿಮೀಟರ್, ಎರಡರಲ್ಲೂ 0.02 ಆಚೀಚೆಯಾದರೆ ಪರವಾಗಿಲ್ಲ. ಎಕ್ಸಾಸ್ಟ್ ವಾಲ್ವಿನ ಮೇಲೆ ಸುಡುವ ಹೊಗೆ ಹಾದುಹೋಗುವುದರಿಂದ ಅದರ ಕಡ್ಡಿ ಕಾದು ಹೆಚ್ಚು ಉದ್ದವಾಗುತ್ತದೆ, ಅದಕ್ಕಾಗಿ ಅದಕ್ಕೆ ಹೆಚ್ಚು ಜಾಗ. ಪ್ಲಗ್ ತೆಗೆದು, ಪ್ಲಗ್ಗಿನ ಕ್ಯಾಪನ್ನು ದೂರ ಸರಿಸಿಟ್ಟು, ಹಗ್ಗವಿರುವ ಮುಂದಿನ ಕವರನ್ನು ಬಿಚ್ಚಿದರೆ ಫ್ಲೈವೀಲನ್ನು (ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರ) ಕೈಯಿಂದಲೇ ತಿರುಗಿಸಬಹುದು. ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಇನ್‌ಟೇಕ್ ರಾಕರ್ ಒಮ್ಮೆ ಕೆಳಗಿಳಿದು ವಾಪಸ್ ಮೇಲೆ ಬಂದ ಮೇಲೆ ಪಿಸ್ಟನ್ ಮೇಲೇರುವುದೇ ಕಂಪ್ರೆಷನ್ ಹೊಡೆತ. ಆ ಹೊಡೆತದ ತುದಿಯಲ್ಲಿ ಫ್ಲೈವೀಲಿನ ಗುರುತು ಮೇಲಿನ ಗುರುತಿಗೆ ಸರಿಯಾಗಿ ಬಂದಾಗ ನಿಲ್ಲಿಸಿ.

ಇಲ್ಲಿಯೇ ಬಹಳ ಜನ ಎಡವುವುದು. ಫ್ಲೈವೀಲ್ ಎರಡು ಸುತ್ತು ತಿರುಗುವಷ್ಟರಲ್ಲಿ ಗುರುತು ಎರಡು ಬಾರಿ ಮೇಲೆ ಬರುತ್ತದೆ, ಅದರಲ್ಲಿ ಒಂದು ಮಾತ್ರ ನಮಗೆ ಬೇಕಾದದ್ದು. ಇನ್ನೊಂದರಲ್ಲಿ ಎಕ್ಸಾಸ್ಟ್ ಮುಚ್ಚುತ್ತ, ಇನ್‌ಟೇಕ್ ತೆರೆಯುತ್ತ ಇರುತ್ತವೆ. ಗುರುತಿನಲ್ಲಿ ನಿಲ್ಲಿಸಿ ಫ್ಲೈವೀಲನ್ನು ಒಂದಿಷ್ಟು ಹಿಂದೆ ಮುಂದೆ ಆಡಿಸಿ ನೋಡಿ. ರಾಕರುಗಳು ಅಲುಗಾಡಿದರೆ ನೀವು ತಪ್ಪು ಸುತ್ತಿನಲ್ಲಿ ನಿಂತಿದ್ದೀರಿ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಗೇಜಿನ ಎಲೆಯನ್ನು ರಾಕರ್ ಮತ್ತು ವಾಲ್ವಿನ ಕಡ್ಡಿಯ ನಡುವೆ ಇಡಬೇಕು. ರಾಕರಿನ ನಡುವಿನ ಪಿವಟನ್ನು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು ಮೇಲಿನ ಲಾಕ್ ನಟ್ಟನ್ನು ಸಡಿಲಿಸಿ, ಪಿವಟನ್ನು ತಿರುಗಿಸುತ್ತ, ಎಲೆಯನ್ನು ಎಳೆದಾಗ ಬೆಣ್ಣೆಯಲ್ಲಿ ಚಾಕು ಹೋದಂತೆ ಸಣ್ಣ ಹಿಡಿತ ಸಿಗುವವರೆಗೆ ಹೊಂದಿಸಿ. ಲಾಕ್ ನಟ್ ಬಿಗಿಮಾಡುವಾಗ ಪಿವಟ್ ಅದರ ಜೊತೆಗೇ ತಿರುಗಿ ನೀವು ಮಾಡಿದ್ದೆಲ್ಲ ಹಾಳಾಗುವುದು ಸಾಮಾನ್ಯ, ಹಾಗಾಗಿ ಬಿಗಿದ ಮೇಲೆ ಮತ್ತೆ ಅಳೆಯಲೇಬೇಕು. ಎಕ್ಸಾಸ್ಟ್ ವಾಲ್ವಿನ ತುದಿಯ ಮೇಲೆ ಟೋಪಿಯಂತೆ ಕೂತಿರುವ ಚಿಕ್ಕ ಉಕ್ಕಿನ ಬಿಲ್ಲೆಯೊಂದು ಇರುತ್ತದೆ. ರಾಕರ್ ಸಡಿಲವಾದಾಗ ಅದು ಜಾರಿ ಬೀಳುವುದುಂಟು, ಜೋಪಾನ.

ಓಹಾಯೋ ಕನ್ನಡಿಗ ಬರೆದದ್ದು:

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬ್ಲೇಡಿಗೆ ಕಲ್ಲು ಸಿಕ್ಕಿತ್ತು ಎಂಬ ಮಾತನ್ನು ಯಾರೂ ಗಮನಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನಿರುವ ಊರಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ವಾರ ಹುಲ್ಲು ಕತ್ತರಿಸದೆ ಬೇರೆ ದಾರಿಯಿಲ್ಲ, ಮತ್ತು ಇಲ್ಲಿ ಮನೆಮನೆಯಲ್ಲಿರುವ ತಳ್ಳುವ ಯಂತ್ರಗಳಲ್ಲಿ ಬ್ಯಾಕ್‌ಫೈರ್ ಎಂದ ಕೂಡಲೇ ಮೊದಲು ಕೇಳುವ ಪ್ರಶ್ನೆ, ಬ್ಲೇಡು ಯಾವುದಕ್ಕಾದರೂ ಬಡಿಯಿತೇ ಎಂಬುದು.

ಕಾರಣವಿಷ್ಟೇ. ಇಲ್ಲಿನ ಯಂತ್ರಗಳಲ್ಲಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ ತಿರುಗಿಸುವ ಮುಖ್ಯ ದಂಡ) ನೆಟ್ಟಗೆ ಕೆಳಮುಖವಾಗಿದ್ದು ಅದರ ತುದಿಗೇ ಬ್ಲೇಡನ್ನು ಬೋಲ್ಟ್ ಮಾಡಿರುತ್ತಾರೆ. ಬ್ಲೇಡು ಮರದ ಬೇರಿಗೆ ಬಡಿದರೆ ಕ್ರ್ಯಾಂಕ್ ಅಲ್ಲಿಯೇ ನಿಲ್ಲುತ್ತದೆ, ಆದರೆ ಭಾರವಾದ ಫ್ಲೈವೀಲ್ ತನ್ನ ವೇಗದಲ್ಲಿ ಮುಂದಕ್ಕೆ ಹೋಗಲು ನೋಡುತ್ತದೆ. ಇವೆರಡರ ನಡುವೆ ಇರುವ ಚಿಕ್ಕ ಫ್ಲೈವೀಲ್ ಕೀ ಆಗ ಅರ್ಧವೋ ಪೂರ್ತಿಯೋ ಕತ್ತರಿಸಿಹೋಗುತ್ತದೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್ನುಗಳಲ್ಲಿ ಈ ಕೀಯನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟ್ ಇರುವುದು ಫ್ಲೈವೀಲಿನ ಮೇಲೆ. ಅದು ಕ್ರ್ಯಾಂಕಿಗಿಂತ ಮುಂದೆ ಸರಿದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಬೀಳುತ್ತದೆ. ಆಗ ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಓಡುತ್ತದೆ, ಕಾರ್ಬುರೇಟರ್ ಕೆಮ್ಮುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದೇ ಕಷ್ಟವಾಗುತ್ತದೆ.

ನಿಮ್ಮದು ಬೆಲ್ಟಿನ ಯಂತ್ರವಾದ್ದರಿಂದ ಬೆಲ್ಟ್ ಜಾರಿ ಕೀ ಬಚಾವಾಗಿರುವ ಸಾಧ್ಯತೆಯೇ ಹೆಚ್ಚು. ಆದರೂ ಮುಂದಿನ ಕವರ್ ಹೇಗೂ ಬಿಚ್ಚುತ್ತೀರಲ್ಲ, ಫ್ಲೈವೀಲ್ ನಟ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಕ್ರ್ಯಾಂಕಿನಲ್ಲಿ ಕೀ ಕೂರುವ ತೋಡು ಮತ್ತು ಫ್ಲೈವೀಲಿನ ತೋಡು ಒಂದೇ ಗೆರೆಯಲ್ಲಿ ಕಾಣಬೇಕು, ಹೊಲಿಗೆ ತಪ್ಪಿದ ಅಂಚಿನ ಹಾಗೆ ಕಂಡರೆ ಕೀ ಹೋಗಿದೆ ಎಂದೇ ಅರ್ಥ. ವಾಪಸ್ ಹಾಕುವಾಗ ನಟ್ಟನ್ನು ಟಾರ್ಕ್ ರೆಂಚಿನಲ್ಲಿ 75 ನ್ಯೂಟನ್ ಮೀಟರಿಗೆ ಬಿಗಿಯಬೇಕು.

ನಿವೃತ್ತ ಐಟಿಐ ಮೇಷ್ಟ್ರು:

ಕೀ ವಿಚಾರ ನನ್ನ ಗಮನಕ್ಕೆ ಬಂದಿತ್ತು, ಬರೆಯದೆ ಬಿಟ್ಟೆ. ಕೀ ಹೋಗಿದ್ದರೆ ತಣ್ಣಗಿರುವಾಗಲೇ, ಸ್ಟಾರ್ಟ್ ಮಾಡುವಾಗಲೇ ತೊಂದರೆ ಕಾಣಬೇಕಿತ್ತು. ಇವರ ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡು, ಬಿಸಿಯಾದ ಮೇಲೆ ಮಾತ್ರ ಕೆಮ್ಮುತ್ತಿದೆ. ಬಿಸಿಗೂ ಕೀಗೂ ಸಂಬಂಧವಿಲ್ಲ, ಬಿಸಿಗೂ ಟ್ಯಾಪೆಟಿಗೂ ನೇರ ಸಂಬಂಧವಿದೆ. ಫ್ಲೈವೀಲಿನ ನಟ್ಟನ್ನು ಮೊದಲ ದಿನವೇ ಬಿಚ್ಚುವುದು ಬೇಡ. ಟಾರ್ಕ್ ರೆಂಚ್ ಇಲ್ಲದ ಮನೆಗಳಲ್ಲಿ ಸಡಿಲವಾಗಿ ಬಿಗಿದ ನಟ್ಟೇ ಆಮೇಲೆ ಕೀಯನ್ನು ಕತ್ತರಿಸುತ್ತದೆ. ಟ್ಯಾಪೆಟ್ ಮುಗಿಸಿ ನೋಡಿ, ಉಳಿದರೆ ಆ ಕಡೆ ಹೋಗೋಣ.

ಕಾಫಿಕಣಜ (ಸಕಲೇಶಪುರ) ಬರೆದದ್ದು:

ಸೈಲೆನ್ಸರಿನ ಸಿಡಿತದ ಬಗ್ಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮಲ್ಲಿ ಇದೇ ಎಂಜಿನ್ನಿನ ಎರಡು ಪಂಪುಗಳಿವೆ, ಎರಡರಲ್ಲೂ ಥ್ರಾಟಲ್ ಇಳಿಸಿದಾಗ ಪಟಪಟ ಬಂದಿತ್ತು.

ಮೊದಲು ಪೆಟ್ರೋಲನ್ನು ಅನುಮಾನಿಸಿ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ಪಡೆದ, ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಈಗ ಬಂಕುಗಳಲ್ಲೆಲ್ಲ ಬಂದಿದೆ. ಪೂರ್ತಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು; ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕವಿದೆ. ಈಗಿನ ಬೈಕುಗಳಲ್ಲಿ ಸೆನ್ಸರ್ ಇದನ್ನು ಅರಿತು ಪೆಟ್ರೋಲ್ ಹೆಚ್ಚಿಸುತ್ತದೆ. ನಮ್ಮ ಕಾರ್ಬುರೇಟರಿಗೆ ಅಂಥ ಬುದ್ಧಿಯಿಲ್ಲ, ಪೆಟ್ರೋಲ್ ಹೊರಬರುವ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ, ತೆಳುವಾದ ಮಿಶ್ರಣ ಥ್ರಾಟಲ್ ಇಳಿಸಿದಾಗ ಸರಿಯಾಗಿ ಉರಿಯದೆ ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುತ್ತದೆ. ನನ್ನಲ್ಲಿರುವ ಕೈಪಿಡಿ ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆನ್ನುತ್ತದೆ, ಆದರೆ ಕೈಪಿಡಿ ಓದಿಕೊಂಡು ಬಂಕಿನವರೊಂದಿಗೆ ಜಗಳವಾಡಲು ಆಗುವುದಿಲ್ಲ. ಇದಕ್ಕಿಂತ ದೊಡ್ಡ ತಾಪತ್ರಯವೆಂದರೆ ನಮ್ಮ ಮಳೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲನ್ನು ಅಕ್ಟೋಬರ್‌ನಲ್ಲಿ ಗಾಜಿನ ಲೋಟಕ್ಕೆ ಸುರಿದು ನೋಡಿದಾಗ ತಳದಲ್ಲಿ ಬೇರೆಯೇ ಪದರ ನಿಂತಿದ್ದನ್ನು ನಾನೇ ಕಂಡಿದ್ದೇನೆ.

ಇನ್ನೊಂದು ಸುಲಭದ ಪರೀಕ್ಷೆ. ಎಂಜಿನ್ ಬಿಸಿಯಾಗಿ ಕೆಮ್ಮುತ್ತಿರುವಾಗ, ಗಾಳಿಯನ್ನು ತಗ್ಗಿಸುವ ಚೋಕನ್ನು ಕಾಲು ಭಾಗ ಎಳೆದು ನೋಡಿ. ಕೆಮ್ಮು ನಿಂತರೆ ಮಿಶ್ರಣ ತೆಳುವಾಗಿದೆ, ಅಂದರೆ ಜೆಟ್ಟಿನಲ್ಲಿ ಕಸವಿದೆ ಅಥವಾ ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವಿನ ಪ್ಯಾಕಿಂಗ್‌ನಲ್ಲಿ ಕಳ್ಳಗಾಳಿ ಸೇರುತ್ತಿದೆ. ಕೆಮ್ಮು ನಿಲ್ಲದಿದ್ದರೆ ವಾಲ್ವನ್ನೇ ಹಿಡಿಯಿರಿ. ಸೈಲೆನ್ಸರ್ ಹೆಡ್ಡಿಗೆ ಸೇರುವ ಜಾಗದಲ್ಲಿ ಕಪ್ಪು ಮಸಿ ಗೆರೆ ಎಳೆದಿದೆಯೇ ಎಂದೂ ನೋಡಿ. ಅಲ್ಲಿ ಪ್ಯಾಕಿಂಗ್ ಹೋಗಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಉರಿಯದ ಪೆಟ್ರೋಲಿಗೆ ಅಲ್ಲಿಯೇ ಬೆಂಕಿ ಹತ್ತುತ್ತದೆ. ನಮ್ಮ ಒಂದು ಪಂಪಿನಲ್ಲಿ ಆಗಿದ್ದು ಅದೇ.

ತೋಟದಮನೆ (ಮೂಡಿಗೆರೆ), ನಾಲ್ಕು ದಿನಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಆದದ್ದನ್ನು ಆದ ಕ್ರಮದಲ್ಲಿಯೇ ತಿಳಿಸುತ್ತೇನೆ.

ಮೊದಲ ದಿನ ಚೋಕಿನ ಪರೀಕ್ಷೆ ಮಾಡಿದೆ. ಕೆಮ್ಮಿನಲ್ಲಿ ಏನೂ ಬದಲಾವಣೆಯಾಗಲಿಲ್ಲ, ಬದಲಿಗೆ ಕಪ್ಪು ಹೊಗೆ ಬಂತು. ಮರುದಿನ ಬೆಳಿಗ್ಗೆ ತಲೆಯ ಕವರಿನ ನಾಲ್ಕು ಬೋಲ್ಟ್ ಬಿಚ್ಚಿ, ಮೇಷ್ಟ್ರು ಹೇಳಿದಂತೆ ಗುರುತಿಗೆ ತಂದು ನಿಲ್ಲಿಸಿದೆ. ಫ್ಲೈವೀಲನ್ನು ಆಡಿಸಿದರೆ ರಾಕರುಗಳು ಕುಣಿದವು, ಅಂದರೆ ನಾನೂ ಮೊದಲ ಸಲ ತಪ್ಪು ಸುತ್ತಿನಲ್ಲಿಯೇ ನಿಂತಿದ್ದೆ. ಇನ್ನೊಂದು ಸುತ್ತು ತಿರುಗಿಸಿ ಅಳೆದಾಗ ಇನ್‌ಟೇಕಿನಲ್ಲಿ 0.05ರ ಎಲೆ ತೂರಲೇ ಇಲ್ಲ, ಎಕ್ಸಾಸ್ಟಿನಲ್ಲಿ ಅದೇ ಎಲೆ ಒತ್ತಿಕೊಂಡು ಹೋಯಿತು.

ಎಕ್ಸಾಸ್ಟಿನ ಲಾಕ್ ನಟ್ ಸಡಿಲಿಸಿ ರಾಕರನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಂದೆ ಬಿಟ್ಟೆನೆಂದು ಕಾಣುತ್ತದೆ, ಮೇಷ್ಟ್ರು ಎಚ್ಚರಿಸಿದ್ದ ಆ ಟೋಪಿ ಟಿಣ್ ಎಂದು ಜಾರಿ ಹುಲ್ಲಿಗೆ ಬಿತ್ತು. ಬಟಾಣಿ ಕಾಳಿಗಿಂತ ದೊಡ್ಡದಲ್ಲದ ವಸ್ತು, ಇಬ್ಬನಿ ಬಿದ್ದ ಹುಲ್ಲು. ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಹುಲ್ಲಿನ ಮೇಲೆ ಎಳೆದಾಡಿದ ಮೇಲೆ ಎರಡು ತುಕ್ಕು ಮೊಳೆಗಳ ಜೊತೆಗೆ ಅದೂ ಸಿಕ್ಕಿತು. ಸೀಮೆಎಣ್ಣೆಯಲ್ಲಿ ತೊಳೆದು ವಾಪಸ್ ಕೂರಿಸಿದೆ. ಇನ್‌ಟೇಕ್ 0.15, ಎಕ್ಸಾಸ್ಟ್ 0.20. ಲಾಕ್ ನಟ್ ಬಿಗಿಯುವಾಗ ಪಿವಟ್ ತಿರುಗಿ ಮೂರು ಸಲ ಮತ್ತೆ ಮಾಡಬೇಕಾಯಿತು.

ಈಗ ಹಗ್ಗ ಹೂವೂ ಅಲ್ಲ, ಕಲ್ಲೂ ಅಲ್ಲ, ಮೊದಲ ವರ್ಷ ಇದ್ದ ಹಾಗೆ ಇದೆ. ಒಂದು ಗಂಟೆ ಓಡಿಸಿದೆ, ಕಾರ್ಬುರೇಟರ್ ಒಮ್ಮೆಯೂ ಕೆಮ್ಮಲಿಲ್ಲ. ದಪ್ಪ ಹುಲ್ಲಿನಲ್ಲಿಯೂ ಎಂಜಿನ್ ಬಾಗಲಿಲ್ಲ. ಆದ್ದರಿಂದ ಫ್ಲೈವೀಲನ್ನು ಮುಟ್ಟಲಿಲ್ಲ, ಓಹಾಯೋದವರು ಕ್ಷಮಿಸಬೇಕು.

ಆದರೆ ಥ್ರಾಟಲ್ ಇಳಿಸಿದಾಗಿನ ಪಟಪಟ ಹಾಗೆಯೇ ಉಳಿದಿತ್ತು. ಸೈಲೆನ್ಸರಿನ ಬುಡದಲ್ಲಿ ಸಕಲೇಶಪುರದವರು ಹೇಳಿದಂತೆ ಬೆರಳಗಲದ ಮಸಿ ಇತ್ತು. ಎರಡು ನಟ್ಟುಗಳಲ್ಲಿ ಒಂದು ಕೈಯಲ್ಲೇ ತಿರುಗಿತು, ಒಳಗಿನ ಪ್ಯಾಕಿಂಗ್ ಕಾಲು ಭಾಗ ಉದುರಿಹೋಗಿತ್ತು. ಹೊಸ ಪ್ಯಾಕಿಂಗ್ ಹಾಕಿದೆ. ಕಾರ್ಬುರೇಟರಿನ ತಳದ ಬಟ್ಟಲನ್ನು ತೆಗೆದಾಗ ನೀರಿನ ಗುಂಡುಗಳು ಉರುಳಾಡಿದವು, ಅದನ್ನೂ ಚೊಕ್ಕಮಾಡಿ ಹೊಸ ಪೆಟ್ರೋಲ್ ತುಂಬಿದೆ. ಪಟಪಟ ಬಹುತೇಕ ನಿಂತಿದೆ. ಆಫ್ ಮಾಡುವಾಗಿನ ಆ ಒಂದು ದೊಡ್ಡ ಸಿಡಿತ ಮಾತ್ರ ನಿನ್ನೆಯೂ ಒಮ್ಮೆ ಬಂತು. ಅದಕ್ಕೇನು ಮಾಡಲಿ ಮೇಷ್ಟ್ರೇ?

ನಿವೃತ್ತ ಐಟಿಐ ಮೇಷ್ಟ್ರು:

ಪೂರ್ತಿ ವೇಗದಲ್ಲಿರುವಾಗಲೇ ಸ್ವಿಚ್ ಆಫ್ ಮಾಡುತ್ತಿದ್ದೀರಿ ಎಂದು ಕಾಣುತ್ತದೆ. ಕಿಡಿ ನಿಂತರೂ ಎಂಜಿನ್ ಇನ್ನೂ ನಾಲ್ಕಾರು ಸುತ್ತು ತಿರುಗುತ್ತದೆ, ಅಷ್ಟೂ ಸುತ್ತಿನಲ್ಲಿ ಪೆಟ್ರೋಲನ್ನು ಎಳೆದು ಕಾದ ಸೈಲೆನ್ಸರಿಗೆ ತುಂಬುತ್ತದೆ. ಥ್ರಾಟಲನ್ನು ಪೂರ್ತಿ ಇಳಿಸಿ, ಒಂದೆರಡು ನಿಮಿಷ ಸ್ಲೋದಲ್ಲಿ ಬಿಟ್ಟು, ಆಮೇಲೆ ಆಫ್ ಮಾಡಿ. ಕೆಲಸ ಮುಗಿದ ದಿನ ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು, ಕಾರ್ಬುರೇಟರಿನ ಬಟ್ಟಲೂ ಖಾಲಿಯಾಗುತ್ತದೆ. ಬಿಗಿಯಾಗಿದ್ದ ದಿನಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಅಂಚು ಸ್ವಲ್ಪ ಸುಟ್ಟಿದ್ದರೂ ಇರಬಹುದು, ಹಾಗಾಗಿ ಹತ್ತು ಹನ್ನೆರಡು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ತಣ್ಣಗಿರುವಾಗ ಗ್ಯಾಪ್ ಅಳೆದು ಇಲ್ಲಿ ಬರೆಯಿರಿ. 0.20 ಇದ್ದದ್ದು ಕಡಿಮೆಯಾಗಿದ್ದರೆ ಹೆಡ್ ಬಿಚ್ಚಿ ವಾಲ್ವನ್ನು ಗ್ರೈಂಡ್ ಮಾಡಬೇಕಾಗುತ್ತದೆ. ಆ ಟೋಪಿಯನ್ನು ಆಗ ಮೊದಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ.